ರಫೀಕನ ಮೊಣಕೈ ನೇರವಾಗುವ ತನಕ

ಬೌಲಿಂಗ್ ಕೋಚ್ ಆಗಬೇಕೆಂದು ಹೊರಟವರು ನನ್ನ ಬಳಿ ಬಂದು ವೇಗ ಹೆಚ್ಚಿಸುವುದು ಹೇಗೆ, ಚೆಂಡನ್ನು ಸ್ವಿಂಗ್ ಮಾಡಿಸುವುದು ಹೇಗೆ ಎಂದೆಲ್ಲ ಕೇಳುತ್ತಾರೆ. ಈ ಕೆಲಸದಲ್ಲಿ ಹೊಟ್ಟೆಯೊಳಗೆ ಸದಾ ಕೂತಿರುವ ಹೆದರಿಕೆಯನ್ನು ಏನು ಮಾಡುವುದು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳಿಬಿಡುತ್ತೇನೆ, ಏಕೆಂದರೆ ದುಬೈಯಲ್ಲಿ ನಾನು ಚೆಂಡು ಎಸೆದು ಸಂಪಾದಿಸಿದ ವರ್ಷಗಳಲ್ಲಿ ಒಂದು ದಿನವೂ ನಿರಾಳವಾಗಿ ನಿದ್ದೆ ಮಾಡಿದ ನೆನಪಿಲ್ಲ. ಗೆದ್ದ ಕಪ್ಪುಗಳು ಶೋಕೇಸಿನಲ್ಲಿವೆ, ಹೆಂಡತಿ ಧೂಳು ಹೊಡೆಯುವಾಗ ಗೊಣಗುತ್ತಾಳೆ. ಅವುಗಳ ಕತೆ ಇಲ್ಲಿ ಬೇಡ.

ನಾನು ಮೂಲ್ಕಿಯ ಜಯಕರ. ಕರಾವಳಿಯ ಎಲ್ಲ ಹುಡುಗರಂತೆ ಮೊದಲು ಕಲಿತದ್ದು ಅಂಡರ್‌ಆರ್ಮ್ ಕ್ರಿಕೆಟ್. ಟೆನಿಸ್ ಚೆಂಡನ್ನು ಸೊಂಟದ ಕೆಳಗಿನಿಂದ ಬೀಸಿ ಎಸೆಯುವ ಆಟ ಅದು. ಬೇರೆ ಊರಿನವರು ಮಕ್ಕಳಾಟ ಎಂದು ನಗುತ್ತಾರೆ. ನಮ್ಮಲ್ಲಿ ಅದಕ್ಕೆ ಪೆಂಡಾಲು, ಮೈಕು, ಸೋತವರ ಜಗಳ ಎಲ್ಲವೂ ಉಂಟು. ಆ ಆಟದಲ್ಲಿ ಮೊಣಕೈ ಮಡಚಿದರೆ ಯಾರೂ ಕೇಳುವುದಿಲ್ಲ. ಮಡಚಿ ಝಾಡಿಸಿದಷ್ಟೂ ಚೆಂಡು ಸಿಡಿಯುತ್ತದೆ. ಆದರೆ ಅಸಲಿ ಕ್ರಿಕೆಟ್ಟಿಗೆ ಬಂದಾಗ ಅದೇ ಅಭ್ಯಾಸ ಕೊರಳಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಮೊಣಕೈ ಮಡಚಿ ಬಿಡಿಸಿದರೆ ಅದು ಬೌಲಿಂಗ್ ಅಲ್ಲ, ಎಸೆತ. ಅಂಪೈರ್ ನೋಬಾಲ್ ಎಂದು ಕೂಗಿ ಮಾನ ಕಳೆಯುತ್ತಾನೆ. ನನ್ನ ಕೈಯನ್ನು ನೆಟ್ಟಗೆ ಮಾಡಲು ಕಾಲೇಜಿನ ಪಿ.ಟಿ. ಮಾಸ್ಟರು ಒಂದಿಡೀ ವರ್ಷ ಬೈದಿದ್ದರು.

ಬೆಂಗಳೂರಿನ ಲೀಗಿನಲ್ಲಿ ಕೆಲವು ವರ್ಷ ಆಡಿದ ಮೇಲೆ ದುಬೈಯ ಕಂಪನಿಯೊಂದರಿಂದ ಕರೆ ಬಂತು. ಅಲ್ಲಿನ ಕ್ರಿಕೆಟ್ ಹೆಚ್ಚಾಗಿ ನಡೆಯುವುದು ಕಂಪನಿ ತಂಡಗಳ ನಡುವೆ. ಮಾಲೀಕನಿಗೆ ಕ್ರಿಕೆಟ್ ಹುಚ್ಚಿದ್ದರೆ ಆಟಗಾರರನ್ನು ಕರೆಸಿ ಗುಮಾಸ್ತ, ಎಲೆಕ್ಟ್ರಿಷಿಯನ್, ಡ್ರೈವರ್ ಎಂದು ವೀಸಾ ಕೊಡುತ್ತಾನೆ. ವಾರವಿಡೀ ಆ ಕೆಲಸ, ರಜೆಯ ಶುಕ್ರವಾರ ಮ್ಯಾಚು. ನನ್ನ ವೀಸಾ ಸ್ಟೋರ್ ಕೀಪರನದು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಕಾರ್ಖಾನೆ. ಮಾಲೀಕರು ಸಿಂಧಿ, ನಾವು ಸೇಠ್ ಎನ್ನುತ್ತಿದ್ದೆವು.

ಅಲ್ಯೂಮಿನಿಯಂ ಬಗ್ಗೆ ನನಗೆ ಗೊತ್ತಿದ್ದದ್ದು ಮನೆಯ ಪಾತ್ರೆ ಮಾತ್ರ. ಸೇರಿದ ಹೊಸತರಲ್ಲಿ ಅಲ್ ಐನ್‌ನ ಒಂದು ಮನೆಗೆ ಬೂದು ಬಣ್ಣದ ಚೌಕಟ್ಟು ಕಳಿಸಬೇಕಾದಲ್ಲಿ ಕಂದು ಬಣ್ಣದ್ದನ್ನು ತುಂಬಿಸಿ ಲಾರಿ ಹತ್ತಿಸಿಬಿಟ್ಟೆ. ಲಾರಿ ವಾಪಸು ಬಂತು, ಗಿರಾಕಿಯೂ ಹಿಂದೆಯೇ ಬಂದ. ಸೇಠ್ ಕರೆದರು. ಅವರು ನನ್ನ ಮುಖ ನೋಡಿ, "ಹಿಂದಿನ ಶುಕ್ರವಾರ ಐದು ವಿಕೆಟ್ ತೆಗೆದವ ನೀನೇ ಅಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದರು. ಹೌದು ಎಂದೆ. "ಹೋಗು, ಚಾ ಕುಡಿ" ಎಂದರು. ಪಕ್ಕದಲ್ಲಿದ್ದ ಫೋರ್‌ಮನ್ ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಅಂದು ಸಮಾಧಾನವಾಗುವ ಬದಲು ಭಯ ಹೆಚ್ಚಾಯಿತು. ವಿಕೆಟ್ ಬಿದ್ದ ವಾರ ಬೈಗುಳ ಇಲ್ಲ ಎಂದರೆ, ವಿಕೆಟ್ ಬೀಳದ ವಾರ ಏನು ಗತಿ? ನನ್ನ ವೀಸಾ ನಿಂತಿದ್ದುದು ಬಲ ಭುಜದ ಮೇಲೆ. ಹೆಂಡತಿ ಸುಮಿತ್ರಾ ಮತ್ತು ಮಗಳು ಅನನ್ಯಾಳ ವೀಸಾ ನನ್ನ ವೀಸಾದ ಮೇಲೆ. ಖುಸೈಸಿನ ಒಂದು ಬೆಡ್‌ರೂಮಿನ ಮನೆ, ಮಗಳ ಶಾಲೆ, ನಾವು ಮೂವರು ಒಟ್ಟಿಗೆ ಊಟಕ್ಕೆ ಕೂರುವುದು, ಎಲ್ಲದಕ್ಕೂ ಆ ಒಂದು ಭುಜವೇ ಆಧಾರ.

ಆ ಭುಜ ನನ್ನ ಮೂವತ್ತಾರನೇ ವಯಸ್ಸಿನಲ್ಲಿ ಕೈಕೊಟ್ಟಿತು. ಆಟದಲ್ಲಿ ಬಿದ್ದು ಎದ್ದು ಅಲ್ಲ, ಸುಮ್ಮನೆ, ಒಂದು ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸುವಾಗ. ಡಾಕ್ಟರ ಬಳಿ ಹೋದರೆ ಕಂಪನಿಗೆ ತಿಳಿಯುತ್ತದೆ ಎಂದು ಹೋಗಲಿಲ್ಲ. ನೋವನ್ನು ಮುಚ್ಚಿಡಲು ಎಷ್ಟೆಲ್ಲ ಉಪಾಯ ಕಲಿತೆ ಎಂದರೆ ಅದೇ ಒಂದು ವಿದ್ಯೆಯಾಯಿತು. ಚಾ ಕಪ್ಪನ್ನು ಎಡಗೈಯಲ್ಲಿ ಹಿಡಿಯುವುದು, ಮೇಲಿನ ಕಪಾಟಿನ ಸಾಮಾನು ಬೇಕಾದರೆ ಇನ್ನೊಬ್ಬರಿಗೆ ಹೇಳುವುದು, ಮಾತಾಡುವಾಗ ಗೋಡೆಗೆ ಒರಗಿ ನಿಲ್ಲುವುದು.

ಆ ವಿದ್ಯೆ ಮುಂದೆ ಉಪಯೋಗಕ್ಕೆ ಬಂತು. ಮಿರ್ದಿಫ್ ಕಡೆಯ ಅಕಾಡೆಮಿಯಲ್ಲಿ ಕೋಚ್ ಆಗಿದ್ದಾಗ ಒಬ್ಬ ಹುಡುಗ, ಒಳ್ಳೆಯ ವೇಗಿ, ಏನು ಕೇಳಿದರೂ "ಐ ಆಮ್ ಫೈನ್, ಕೋಚ್" ಎನ್ನುತ್ತಿದ್ದ. ಅವನು ಶೂ ಲೇಸು ಕಟ್ಟಲು ಬಗ್ಗುವ ಬದಲು ಕಾಲನ್ನೇ ಬೆಂಚಿನ ಮೇಲೆ ಎತ್ತಿ ಇಡುವುದನ್ನು ಕಂಡು ಅವನ ಬೌಲಿಂಗ್ ನಿಲ್ಲಿಸಿದೆ. ಸ್ಕ್ಯಾನ್ ಮಾಡಿಸಿದಾಗ ಬೆನ್ನು ಮೂಳೆಯಲ್ಲಿ ಸಣ್ಣ ಬಿರುಕು ಕಂಡಿತು. ಈಗ ಕ್ಯಾಮೆರಾ ಬಂದಿದೆ, ದಿನಕ್ಕೆ ಎಷ್ಟು ಚೆಂಡು ಎಂಬ ಲೆಕ್ಕ ಬಂದಿದೆ, ಒಳ್ಳೆಯದೇ. ಆದರೆ ಹುಡುಗರು ಸುಳ್ಳು ಹೇಳುತ್ತಾರೆ. ಜಾಗ ಹೋಗುತ್ತದೆ ಎಂಬ ಹೆದರಿಕೆಯಿಂದ ಹೇಳುತ್ತಾರೆ, ಆ ಹೆದರಿಕೆ ಕ್ಯಾಮೆರಾಕ್ಕೆ ಕಾಣುವುದಿಲ್ಲ.

ನನ್ನ ಗುಟ್ಟು ಹೆಚ್ಚು ಕಾಲ ನಿಲ್ಲಲಿಲ್ಲ. ಸೇಠ್‌ಗೆ ಕಿಟಕಿಯಷ್ಟೇ ಕ್ರಿಕೆಟ್ಟೂ ಗೊತ್ತಿತ್ತು. "ನಿನ್ನ ಚೆಂಡು ಈಗ ಕೀಪರ್‌ನ ಮೊಣಕಾಲಿಗೆ ಬರುತ್ತಿದೆ, ಮೊದಲು ಎದೆಗೆ ಬರುತ್ತಿತ್ತು" ಎಂದರು. ಆಮೇಲೆ ಕುರ್ಚಿ ಎಳೆದು ಕೂರಿಸಿ, "ಹೊಸಬನನ್ನು ಹುಡುಕಿ ತಾ. ತಯಾರು ಮಾಡು" ಎಂದರು. ತಯಾರು ಮಾಡಿದ ಮೇಲೆ ನನಗೇನು ಎಂದು ಕೇಳುವ ಧೈರ್ಯ ಬರಲಿಲ್ಲ.

ಮುಹೈಸ್ನಾದ ಲೇಬರ್ ಕ್ಯಾಂಪುಗಳ ಹಿಂದಿನ ಮರಳು ಬಯಲಿನಲ್ಲಿ ನಮ್ಮ ಊರಿನವರು ಅಂಡರ್‌ಆರ್ಮ್ ಟೂರ್ನಮೆಂಟ್ ನಡೆಸುತ್ತಿದ್ದರು. ಅಲ್ಲಿ ಸಿಕ್ಕಿದವನು ಉಳ್ಳಾಲದ ಬ್ಯಾರಿ ಹುಡುಗ ರಫೀಕ್. ಹುಡುಗ ಎಂದರೂ ಇಪ್ಪತ್ತೈದು ದಾಟಿತ್ತು. ಕ್ಲೀನಿಂಗ್ ಕಂಪನಿಯೊಂದರಲ್ಲಿ ಎತ್ತರದ ಕಟ್ಟಡಗಳ ಗಾಜು ಒರೆಸುವ ಕೆಲಸ, ಹಗ್ಗಕ್ಕೆ ಜೋತುಬಿದ್ದು. ಅವನು ಬೀಸಿದ ಟೆನಿಸ್ ಚೆಂಡು ಬ್ಯಾಟಿಗೆ ತಾಗಿದ ಸದ್ದು ಕೇಳಿಯೇ ನಾನು ಎದ್ದು ನಿಂತೆ. ಒಂದು ಲೆದರ್ ಚೆಂಡು ಕೊಟ್ಟು ಮೇಲಿನಿಂದ ಹಾಕು ಎಂದೆ. ಹಾಕಿದ. ವೇಗ ನೋಡಿ ಎದೆ ಅರಳಿತು, ಮೊಣಕೈ ನೋಡಿ ಕುಸಿಯಿತು. ನಾನು ಕಾಲೇಜಿಗೆ ಹೊತ್ತು ತಂದಿದ್ದ ಅದೇ ಮಡಚು.

ನಾವಿಬ್ಬರೂ ತುಳುವಿನಲ್ಲೇ ಮಾತಾಡುತ್ತಿದ್ದೆವು. ಅದನ್ನು ಊರ ಕನ್ನಡದಲ್ಲಿ ಬರೆದರೆ ಹೀಗೆ:

"ಕಂಪನಿ ಟೀಮಿಗೆ ಬರ್ತೀಯಾ ಮಾರಾಯ?"

"ಹಗ್ಗದಲ್ಲಿ ನೇತಾಡ್ಲಿಕ್ಕೆ ಇಲ್ಲವಾ ಅಲ್ಲಿ?"

"ಇಲ್ಲ. ಎಂತಕ್ಕೆ?"

"ಕೆಳಗೆ ನೋಡಿದ್ರೆ ನನಗೆ ಈಗಲೂ ತಲೆ ತಿರುಗ್ತದೆ ಜಯಣ್ಣ. ಯಾರಿಗೂ ಹೇಳ್ಬೇಡಿ."

ಸೇಠ್ ಅವನನ್ನು ತೆಗೆದುಕೊಂಡರು. ಮೊದಲ ಮ್ಯಾಚಿನಲ್ಲೇ ಸ್ಕ್ವೇರ್ ಲೆಗ್‌ನ ಅಂಪೈರ್ ನೋಬಾಲ್ ಕೂಗಿ, ಆಟ ಮುಗಿದ ಮೇಲೆ ನಮ್ಮ ಡೇರೆಗೆ ಬಂದ. ಬ್ಯಾಂಕಿನಲ್ಲಿ ಕೆಲಸ ಮಾಡುವ, ಮಿತಭಾಷಿ ಮನುಷ್ಯ. "ಕೈ ಬಾಗುತ್ತಿದೆ. ಸರಿಮಾಡಿಸಿ. ಇದೇ ಮುಂದುವರಿದರೆ ಲೀಗಿಗೆ ವರದಿ ಕೊಡಬೇಕಾಗುತ್ತದೆ, ಆಮೇಲೆ ಇವನು ಯಾವ ತಂಡದಲ್ಲೂ ಬೌಲಿಂಗ್ ಮಾಡುವ ಹಾಗಿಲ್ಲ" ಎಂದ. ಅವನು ಹೋದ ಮೇಲೆ ಸೇಠ್ ನನ್ನನ್ನು ಬದಿಗೆ ಕರೆದರು.

"ನೋಡು ಜಯಕರ್, ಇಬ್ಬರು ಬೌಲರನ್ನು ಇಟ್ಟುಕೊಳ್ಳಲು ಈಗ ನನಗೆ ಆಗುವುದಿಲ್ಲ. ಅವನ ಕೈ ಸರಿಯಾಗುವ ತನಕ ನೀನು ಇರು. ಟೀಮಿನಲ್ಲಿ ನಿಲ್ಲು, ಅವನ ಜೊತೆ ಇರು. ಸರಿಯಾದ ದಿನ ಖಲಾಸ್. ಮುಂಚೆಯೇ ಹೇಳಿಬಿಟ್ಟಿದ್ದೇನೆ, ಆಮೇಲೆ ಮೋಸ ಅನ್ನಬೇಡ."

ಮೋಸ ಅನ್ನಲು ಏನೂ ಇರಲಿಲ್ಲ. ಆದರೆ ನನ್ನ ಸ್ಥಿತಿ ಯೋಚಿಸಿ ನೋಡಿ. ಕೆಲಸ ಚೆನ್ನಾಗಿ ಮಾಡಿದಷ್ಟೂ ಬೇಗ ಕೆಲಸ ಹೋಗುತ್ತದೆ. ಕೋಚ್ ಆಗುವವರಿಗೆ ಯಾರೂ ಮೊದಲೇ ಹೇಳದ ಮಾತು ಇದು. ಕಲಿಸುವವನ ಕೆಲಸವೇ ತಾನು ಬೇಡವಾಗುವ ಹಾಗೆ ಮಾಡುವುದು. ಬೇಡವಾದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದನ್ನು ಯಾವ ಕೋಚಿಂಗ್ ಕೋರ್ಸೂ ಕಲಿಸುವುದಿಲ್ಲ.

ಸಂಜೆ ಕಾರ್ಖಾನೆ ಬಿಟ್ಟ ಮೇಲೆ ಅಂಗಳದಲ್ಲಿ, ಪೇರಿಸಿಟ್ಟ ಚೌಕಟ್ಟುಗಳ ನಡುವೆ ಅಭ್ಯಾಸ. ಪಿ.ಟಿ. ಮಾಸ್ಟರ ಹಾಗೆ ಬೈದು ವರ್ಷ ಕಳೆಯುವಷ್ಟು ಸಮಯ ಇರಲಿಲ್ಲ. ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ತೆಳು ಅಲ್ಯೂಮಿನಿಯಂ ಪಟ್ಟಿಯೊಂದನ್ನು ತೆಗೆದು, ಅಂಚನ್ನು ಉಜ್ಜಿ, ಸುಮಿತ್ರಾಳ ಹಳೆಯ ಕಾಟನ್ ದುಪಟ್ಟಾ ಸುತ್ತಿ ಅವನ ಮೊಣಕೈ ಹಿಂದೆ ಕಟ್ಟಿದೆ. ಕೈ ಮಡಚಿದರೆ ಪಟ್ಟಿ ಒತ್ತುತ್ತದೆ, ಚರ್ಮ ಹೇಳಿಬಿಡುತ್ತದೆ. ಮೊದಲು ನಿಂತಲ್ಲೇ, ಆಮೇಲೆ ನಾಲ್ಕು ಹೆಜ್ಜೆ ಹಾಕಿ, ಆಮೇಲೆ ಅರ್ಧ ಓಟದಲ್ಲಿ. ಕೈ ಮೇಲೇರುವ ಕ್ಷಣಕ್ಕೆ ನಾನು "ಸರ್ತ!" ಎಂದು ಕೂಗುತ್ತಿದ್ದೆ. ನೆಟ್ಟಗೆ ಎನ್ನುವುದಕ್ಕೆ ತುಳುವಿನ ಮಾತು. ಆ ಕೂಗಿಗೆ ಅವನ ಕೈ ತಾನಾಗಿ ಬಿಗಿಯುವ ಹಾಗಾಯಿತು. ಮ್ಯಾಚಿನಲ್ಲಿ ಪಟ್ಟಿ ಕಟ್ಟುವಂತಿಲ್ಲವಲ್ಲ, ಹಾಗಾಗಿ ನಾನು ಬೌಲರನಿಗೆ ಹತ್ತಿರದ ಮಿಡ್ ಆಫ್‌ನಲ್ಲಿ ನಿಂತು ಪ್ರತಿ ಚೆಂಡಿಗೂ ಕೂಗುತ್ತಿದ್ದೆ. ಬೇರೆ ತಂಡದವರು ನನಗೆ 'ಸರ್ತಣ್ಣ' ಎಂದೇ ಹೆಸರಿಟ್ಟರು.

ಕೈ ದಿನದಿಂದ ದಿನಕ್ಕೆ ನೆಟ್ಟಗಾಗುತ್ತಿತ್ತು. ಅದನ್ನು ನೋಡಿ ಖುಷಿಯಾಗುತ್ತಿತ್ತು. ಆದರೆ ಕಂಪನಿ ಬಸ್ಸಿನಲ್ಲಿ ಮನೆಗೆ ಮರಳುವಾಗ, ನಾಳೆ ಸ್ವಲ್ಪ ಬಾಗಿರಲಿ ದೇವರೇ ಎಂದುಕೊಳ್ಳುತ್ತಿದ್ದೆ. ಮರುದಿನ ಬಾಗಿರದಿದ್ದರೆ ಬೆನ್ನು ತಟ್ಟುತ್ತಿದ್ದೆ. ಎರಡೂ ನಿಜವಾದ ಭಾವನೆಗಳೇ.

ಶುಕ್ರವಾರ ಮ್ಯಾಚು ಮುಗಿಸಿ ರಫೀಕ್ ನಮ್ಮಲ್ಲಿಗೆ ಊಟಕ್ಕೆ ಬರುವುದು ರೂಢಿಯಾಯಿತು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಕ್ಯಾಂಪಿನ ಊಟ ತಿಂದು ಬೇಸತ್ತವನು ತಲೆ ಎತ್ತದೆ ಉಣ್ಣುತ್ತಿದ್ದ. ಹಾಗೊಂದು ದಿನ ಅನನ್ಯಾ ಅವನ ಮೊಣಕೈಯ ಕಲೆಗಳನ್ನು ಮುಟ್ಟಿ ನೋಡಿ ಇಂಗ್ಲಿಷಿನಲ್ಲಿ, "ಅಂಕಲ್, ವೆನ್ ಯುವರ್ ಹ್ಯಾಂಡ್ ಈಸ್ ಓಕೆ, ವೀ ಹ್ಯಾವ್ ಟು ಗೋ ಬ್ಯಾಕ್ ಟು ಮೂಲ್ಕಿ" ಎಂದುಬಿಟ್ಟಳು. ಸುಮಿತ್ರಾ "ಸುಮ್ಮನಿರು" ಎಂದು ಗದರಿದಳು. ರಫೀಕ್ ನನ್ನನ್ನು ನೋಡಿದ. ನಾನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನನಾದ ಹಾಗೆ ನಟಿಸಿದೆ. ಅವನು ಅಂದು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಅದಾದ ಮೇಲೆ ಅವನ ಕೈ ಮತ್ತೆ ಬಾಗತೊಡಗಿತು. ನನಗೆ ದಿಕ್ಕೇ ತೋಚಲಿಲ್ಲ. ಪಟ್ಟಿ ಬದಲಿಸಿದೆ, ಓಟ ಕಡಿಮೆ ಮಾಡಿಸಿದೆ, ಮೊಬೈಲಿನಲ್ಲಿ ವಿಡಿಯೊ ತೆಗೆದು ಅವನಿಗೇ ತೋರಿಸಿದೆ. ನಾನು ಕೂಗಿದರೆ ನೆಟ್ಟಗೆ, ಕೂಗದಿದ್ದರೆ ಬಾಗು. ಸೇಠ್ ಕೇಳಿದಾಗ ರಫೀಕ್ ಅವರಿಗೆ, "ಜಯಣ್ಣ ಮಿಡ್ ಆಫ್‌ನಲ್ಲಿ ಇಲ್ಲದಿದ್ದರೆ ನನ್ನ ಕೈ ನಿಲ್ಲುವುದಿಲ್ಲ" ಎಂದ. ಸೇಠ್ ಹಣೆ ಉಜ್ಜಿಕೊಂಡು "ಸರಿ, ಇರಲಿ" ಎಂದರು. ನನ್ನ ಪಾಠ ಎಲ್ಲೋ ತಪ್ಪಿದೆ ಎಂಬ ಚಿಂತೆ ಒಂದು ಕಡೆ, ಮನೆಯಲ್ಲಿ ಇನ್ನಷ್ಟು ದಿನ ಮೂವರೂ ಒಟ್ಟಿಗೆ ಎಂಬ ಸಮಾಧಾನ ಇನ್ನೊಂದು ಕಡೆ. ಅಂಪೈರ್ ಯಾವಾಗ ವರದಿ ಬರೆಯುತ್ತಾನೋ ಎಂಬ ದಿಗಿಲು ಎಲ್ಲದಕ್ಕಿಂತ ಮೇಲೆ.

ಚಳಿಗಾಲದ ಒಂದು ಶುಕ್ರವಾರ ಅನನ್ಯಾಳಿಗೆ ಜ್ವರ. ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ದು, ಗೆಳೆಯನೊಬ್ಬನ ಕಾರು ಕೇಳಿ ಪಡೆದು ಅಜ್ಮಾನಿನ ಮೈದಾನ ತಲುಪುವಾಗ ಆಟ ಶುರುವಾಗಿಬಿಟ್ಟಿತ್ತು. ಬೇಲಿಯ ಹೊರಗೆ ಕಾರಿನಲ್ಲೇ ಕೂತು ಶೂ ಹಾಕಿಕೊಳ್ಳುತ್ತ ತಲೆ ಎತ್ತಿದೆ. ರಫೀಕ್ ಓಡಿ ಬರುತ್ತಿದ್ದ. ಮಿಡ್ ಆಫ್‌ನಲ್ಲಿ ನಾನಿಲ್ಲ, ಕೂಗುವವರಿಲ್ಲ, ಸೇಠ್ ಕೂಡ ಇನ್ನೂ ಬಂದಿಲ್ಲ. ಅವನ ಕೈ ಮೇಲೇರಿತು, ಹಲಗೆ ಇಟ್ಟ ಹಾಗೆ ನೆಟ್ಟಗೆ. ಮುಂದಿನ ಚೆಂಡೂ ಹಾಗೆಯೇ, ಅದರ ಮುಂದಿನದೂ. ನಾನು ಕಂಡ ಅತ್ಯಂತ ಚೊಕ್ಕ ಬೌಲಿಂಗ್ ಅದು. ಶೂ ಕಟ್ಟುವುದನ್ನು ಮರೆತು ಕಾರಿನಿಂದ ಇಳಿದೆ. ಓಟದ ಗುರುತಿಗೆ ವಾಪಸು ನಡೆಯುತ್ತಿದ್ದವನು ಬೇಲಿಯ ಬಳಿ ನನ್ನನ್ನು ಕಂಡ. ತಿರುಗಿದ, ಓಡಿ ಬಂದ. ಆ ಚೆಂಡಿಗೆ ಅವನ ಮೊಣಕೈ ಬಾಗಿತು.

ಅಷ್ಟರಲ್ಲಿ ಎಲ್ಲ ತಿಳಿಯಿತು. ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಅಂಪೈರುಗಳ ಅನುಮತಿ ಕೇಳಿ ಮೈದಾನಕ್ಕೆ ಇಳಿದೆ. ಸ್ಕ್ವೇರ್ ಲೆಗ್‌ನಲ್ಲಿದ್ದವನು ಅದೇ ಬ್ಯಾಂಕಿನವನು. ಪಕ್ಕದಲ್ಲಿ ಹಾದುಹೋಗುವಾಗ ನನಗೆ ಮಾತ್ರ ಕೇಳುವ ಹಾಗೆ, "ಈಗೊಂದು ಬಾಗಿತ್ತು, ನೋಡಿದ್ದೇನೆ. ಇನ್ನೊಂದು ಕಂಡರೆ ಬರೆಯುತ್ತೇನೆ" ಎಂದ. ಬರೆದರೆ ರಫೀಕನಿಗೆ ಮತ್ತೆ ಹಗ್ಗವೇ ಗತಿ. ನನ್ನನ್ನು ಉಳಿಸಲು ಅವನು ಪ್ರತಿ ವಾರ ಬೇಕೆಂದೇ ಕೈ ಬಗ್ಗಿಸಿ ಆ ಎತ್ತರದಿಂದ ಕೆಳಗೆ ನೋಡುತ್ತಿದ್ದ.

ಮಿಡ್ ಆಫ್‌ನಲ್ಲಿ ನಿಂತೆ. ರಫೀಕ್ ಗುರುತಿನಲ್ಲಿ ನಿಂತು ನನ್ನ ಕೂಗಿಗೆ ಕಾಯುತ್ತಿದ್ದ. ಓಡಿ ಬಂದು ಅರ್ಧದಲ್ಲಿ ನಿಂತ, ಸೀದಾ ನನ್ನ ಬಳಿಗೇ ಬಂದ.

"ಕೂಗಿ ಜಯಣ್ಣ."

"ಇಲ್ಲ, ಕೂಗ್ಲಿಕ್ಕಿಲ್ಲ."

"ಸೇಠ್ ಬಂದ್ರು, ನೋಡ್ತಾ ಇದ್ದಾರೆ."

"ನೋಡ್ಲಿ. ನಾನು ಬೇಲಿ ಹೊರಗಿಂದ ಎಲ್ಲ ನೋಡಿ ಆಗಿದೆ."

ಅವನ ಮುಖ ಕೆಂಪಾಯಿತು. "ಮಗು ಶಾಲೆಗೆ ಹೋಗುದಲ್ವಾ ಇಲ್ಲಿ? ನನಗೆಂತ, ನಾನು ಒಬ್ಬನೇ. ಎಲ್ಲಿದ್ರೂ ಆಗ್ತದೆ."

"ಹಗ್ಗದಲ್ಲಿದ್ರೂ ಆಗ್ತದಾ?"

ಅವನು ಚೆಂಡನ್ನು ಪ್ಯಾಂಟಿಗೆ ಉಜ್ಜತೊಡಗಿದ. "ಯಲ್ಲಾ, ನಡಿ, ಹೋಗು. ಅಂಪೈರ್ ಬರೀಲಿಕ್ಕೆ ಕಾಯ್ತಾ ಇದ್ದಾನೆ. ನೀನು ಬಗ್ಗಿಸಿದ್ರೆ ನಾನು ಕಲಿಸಿದ್ದೆಲ್ಲ ನೀರಲ್ಲಿ ಹೋಯ್ತು" ಎಂದೆ. ಅವನು ಹಿಂದಕ್ಕೆ ನಡೆದ. ಹಟಮಾರಿ, ಬಗ್ಗಿಸಿಯೇ ಬಿಡುತ್ತಾನೋ ಎಂಬ ಭಯ ನನಗೆ. ಬಾಯಿಯಿಂದ ಸರ್ತ ಎಂಬ ಮಾತು ಹೊರಡದಂತೆ ಹಲ್ಲು ಕಚ್ಚಿ ನಿಂತೆ. ಅವನು ಓಡಿ ಬಂದ. ಕೈ ನೆಟ್ಟಗೆ ಮೇಲೇರಿ ನೆಟ್ಟಗೆ ಇಳಿಯಿತು. ಮಧ್ಯದ ಸ್ಟಂಪು ಪಿಚ್ಚಿಗೆ ಹಾಸಿದ್ದ ಮ್ಯಾಟಿನಾಚೆ ಹೋಗಿ ಬಿತ್ತು. ಸ್ಕ್ವೇರ್ ಲೆಗ್‌ನ ಅಂಪೈರ್ ಸುಮ್ಮನೆ ಟೋಪಿ ಸರಿಮಾಡಿಕೊಂಡ. ಹುಡುಗರೆಲ್ಲ ರಫೀಕನ ಮೇಲೆ ಮುಗಿಬಿದ್ದರು, ಅವನೊಬ್ಬನೇ ನಗಲಿಲ್ಲ. ಮಿಕ್ಕ ಓವರುಗಳನ್ನೂ ಅವನು ಕೂಗಿಲ್ಲದೆ ಹಾಕಿದ, ಒಂದೂ ಬಾಗಲಿಲ್ಲ.

ಆಟ ಮುಗಿದ ಮೇಲೆ ಸೇಠ್ ಬಳಿ ಹೋದೆ. ಅವರು ಚಾ ಕಪ್ಪು ಮುಂದೆ ಸರಿಸಿ, "ಇವತ್ತು ನಿನ್ನ ಸದ್ದೇ ಇರಲಿಲ್ಲ?" ಎಂದರು.

"ಬೇಕಾಗಲಿಲ್ಲ ಸೇಠ್. ಕೈ ಸರಿಯಾಗಿದೆ."

"ನೀನೇ ಹೇಳುತ್ತಿದ್ದೀಯಾ?"

"ನಾನೇ ಅಲ್ಲವಾ ಕಲಿಸಿದ್ದು."

"ಹಾಗಾದರೆ ಖಲಾಸ್?"

"ಖಲಾಸ್ ಸೇಠ್."

ಅವರು ಕೆಟ್ಟವರಲ್ಲ. ಒಳ್ಳೆಯ ಪತ್ರ ಕೊಡುತ್ತೇನೆ, ಅಕಾಡೆಮಿಯವರು ಗೊತ್ತು, ಮಾತಾಡುತ್ತೇನೆ ಎಂದರು, ಮಾತಾಡಿದರು ಕೂಡ. ಮಿರ್ದಿಫ್‌ನ ಕೆಲಸ ಸಿಕ್ಕಿದ್ದು ಹಾಗೆ. ಆದರೆ ಕುಟುಂಬವನ್ನು ಜೊತೆಗೆ ಇಟ್ಟುಕೊಳ್ಳುವಷ್ಟು ಸಂಬಳ ಅದರಲ್ಲಿ ಇರಲಿಲ್ಲ. ಮಗಳು ಬೆಳೆದದ್ದನ್ನು ನಾನು ಹೆಚ್ಚಾಗಿ ಫೋನಿನಲ್ಲೇ ನೋಡಿದೆ.

ಆ ದಿನ ಮನೆಗೆ ಬಂದಾಗ ಅನನ್ಯಾಳ ಜ್ವರ ಇಳಿದಿತ್ತು, ಮಲಗಿದ್ದಳು. ಸುಮಿತ್ರಾ ಅವಳ ಶಾಲೆಯ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

"ರಫೀಕ್ ಊಟಕ್ಕೆ ಬರ್ಲಿಲ್ವಾ?"

"ಇವತ್ತು ಬರುದಿಲ್ಲ ಅಂದ."

ಅವಳು ನನ್ನ ಮುಖ ನೋಡಿದಳು. "ಅವನ ಕೈ ಸರಿಯಾಯ್ತಾ?"

"ಆಯ್ತು."

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ ಆರಿಸಿದಳು. ಯೂನಿಫಾರ್ಮಿನ ಒಂದು ತೋಳಿಗೆ ಮಾತ್ರ ಇಸ್ತ್ರಿ ಆಗಿತ್ತು.

"ಮಗುವಿನ ಪರೀಕ್ಷೆ ಮುಗಿಯುವ ತನಕ ಇರ್ಲಿಕ್ಕೆ ಆಗ್ತದಾ ನಮಗೆ?" ಎಂದು ಕೇಳಿದಳು.